ಅದೇ ಹೆಸರಿನ ಇನ್ನೊಬ್ಬಳು

ಲಾಂಡ್ರಿಯ ವ್ಯಾನು ತಿರುವಿನಲ್ಲಿ ವಾಲಿದಾಗಲೆಲ್ಲ ಹಿಂದೆ ಸರಳಿಗೆ ತೂಗುಹಾಕಿದ್ದ ಅಂಗಿ, ಕೋಟುಗಳು ಒಟ್ಟಿಗೇ ಒಂದು ಪಕ್ಕಕ್ಕೆ ವಾಲಿ ಮತ್ತೆ ನೆಟ್ಟಗಾಗುತ್ತಿದ್ದವು. ಅವುಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ಒಂದಕ್ಕೊಂದು ಉಜ್ಜಿ ಸರಬರ ಅನ್ನುವಾಗ, ಬೆನ್ನ ಹಿಂದೆ ಯಾರೋ ತನ್ನ ವಿಷಯವನ್ನೇ ಆಡಿಕೊಳ್ಳುತ್ತಿದ್ದಾರೆ ಅನ್ನಿಸಿ ಅವಳು ಎರಡು ಸಲ ತಿರುಗಿ ನೋಡಿದಳು. ಆ ಅಂಗಿಗಳಲ್ಲಿ ಅರ್ಧದಷ್ಟನ್ನು ನಿನ್ನೆ ಅವಳೇ ಮಡಿಕೆ ಕೂರಿಸಿ, ಹಬೆ ಹಿಡಿದು, ಕಾಲರಿನ ಒಳಗೆ ನಂಬರಿನ ಚೀಟಿ ಚುಚ್ಚಿದ್ದು. ಲಾಂಡ್ರಿಯಲ್ಲಿ ಬಟ್ಟೆಗೆ ಹೆಸರಿರುವುದಿಲ್ಲ, ನಂಬರು ಮಾತ್ರ. ಹೆಸರು ಬರೆದರೆ ಒಂದೇ ಹೆಸರಿನವರು ಬಂದು ಒಬ್ಬರ ಬಟ್ಟೆ ಒಬ್ಬರು ಒಯ್ಯುತ್ತಾರೆ ಅಂತ ಸಾಹುಕಾರರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಆಗ ಅದು ಎಷ್ಟು ಬುದ್ಧಿವಂತಿಕೆಯ ಮಾತು ಅನ್ನಿಸಿತ್ತು. ಈಗ ನೆನೆದರೆ ಬಾಯೆಲ್ಲ ಕಹಿಯಾಗುತ್ತದೆ. ಪಕ್ಕದಲ್ಲಿ ಗಂಡ ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು, ರಸ್ತೆ ಬಿಟ್ಟು ಬೇರೇನೂ ಈ ಲೋಕದಲ್ಲಿಲ್ಲ ಅನ್ನುವವನ ಹಾಗೆ ಕೂತಿದ್ದ. ಕೋರ್ಟಿನ ಗೇಟು ಬಂದಾಗ ಇಂಜಿನ್ ಆರಿಸದೆ, "ಹೊಟ್ಟೆಗೆ ಏನಾದ್ರೂ ಹಾಕ್ಕೋ ಮಧ್ಯದಲ್ಲಿ," ಅಂದ. ಅವಳು ಇಳಿದು ಬಾಗಿಲು ಹಾಕಿದಳು. ಅದು ಸರಿಯಾಗಿ ಕೂರಲಿಲ್ಲ. ಮತ್ತೊಮ್ಮೆ ತೆಗೆದು ಹಾಕಬೇಕಾಯಿತು. ಅಷ್ಟರಲ್ಲಿ ಹೇಳಬೇಕೆಂದುಕೊಂಡಿದ್ದ ಮಾತು ಮರೆತೇಹೋಯಿತು.

ಏನು ಹೇಳಬೇಕೆಂದುಕೊಂಡಿದ್ದಳು? ನಾನು ಸುಳ್ಳು ಹೇಳಲಾರೆ ಅಂತಲೋ, ನಿಜ ಹೇಳಲಾರೆ ಅಂತಲೋ. ಎರಡೂ ಅವಳಿಗೆ ಒಂದೇ ತೂಕದ್ದಾಗಿ ಕಾಣುತ್ತಿದ್ದವು. ನಗರಸಭೆಯ ಚುನಾವಣೆಯಲ್ಲಿ ಅವಳು ನಿಂತಿದ್ದಳು. ನಿಂತಿದ್ದಳು ಅನ್ನುವುದಕ್ಕಿಂತ, ಒದ್ದೆ ಕೋಟನ್ನು ಗೂಟಕ್ಕೆ ಸಿಕ್ಕಿಸಿದ ಹಾಗೆ ಅವಳನ್ನು ನಿಲ್ಲಿಸಲಾಗಿತ್ತು. ಅವರ ವಾರ್ಡು ಹೆಂಗಸರಿಗೆ ಮೀಸಲು. ಹಿಂದಿನ ಸಲ ಗೆದ್ದಿದ್ದ ಟೀಚರ್ ಈ ಸಲವೂ ಗೆಲ್ಲುತ್ತಾರೆ ಅನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಎದುರಿಗೆ ನಿಂತಿದ್ದವಳು ಲಾಂಡ್ರಿ ಸಾಹುಕಾರರ ತಮ್ಮನ ಹೆಂಡತಿ. ಒಂದು ಮಧ್ಯಾಹ್ನ ಸಾಹುಕಾರರು ಅವಳನ್ನು ಕೌಂಟರಿನ ಹತ್ತಿರ ಕರೆದು, ಎಂದೂ ಇಲ್ಲದ ನಗು ನಕ್ಕು, "ನಿನ್ನ ಹೆಸರೂ ಟೀಚರ್ ಹೆಸರೂ ಒಂದೇ ಅಲ್ವೇನಮ್ಮಾ? ಇನಿಷಿಯಲ್ಲೂ ಅದೇ?" ಅಂದಿದ್ದರು. ಹೌದು ಅಂದಾಗ ಅವಳಿಗೆ ಒಂಥರಾ ಖುಷಿಯೇ ಆಗಿತ್ತು. ಅಷ್ಟು ವರ್ಷ ಕೆಲಸ ಮಾಡಿದ ಮೇಲೆ ಸಾಹುಕಾರರಿಗೆ ತನ್ನ ಪೂರ್ತಿ ಹೆಸರು ಗೊತ್ತಿದೆಯಲ್ಲ ಅಂತ. ಎಲ್ಲಿ ಸಹಿ ಮಾಡಬೇಕೋ ಅಲ್ಲಿ ಮಾಡಿದಳು. ಟೀಚರ್‌ಗೆ ಚಿಹ್ನೆ ಮೇಜಿನ ದೀಪ. ಅವಳಿಗೆ ಟಾರ್ಚು ಕೇಳಿ ಕೊಡಿಸಿದವರು ಸಾಹುಕಾರರೇ. ಕಪ್ಪು ಮಸಿಯಲ್ಲಿ ಸಣ್ಣದಾಗಿ ಅಚ್ಚಾದಾಗ ಎರಡೂ ಒಂದೇ ತಾಯಿ ಮಕ್ಕಳ ಹಾಗಿದ್ದವು. ಫಲಿತಾಂಶ ಬಂದಾಗ ಟೀಚರ್ ಸೋತಿದ್ದರು. ಅವರು ಸೋತ ಅಂತರಕ್ಕಿಂತ ಟಾರ್ಚಿಗೆ ಬಿದ್ದ ಮತಗಳೇ ಹೆಚ್ಚು, ಇನ್ನೂರ ಚಿಲ್ಲರೆ. ಟೀಚರ್ ಕೋರ್ಟಿಗೆ ಹೋದರು. ಇವತ್ತು ಅವರ ಕಡೆಯಿಂದ ಸಾಕ್ಷಿ ಹೇಳಲು ಅವಳಿಗೆ ಸಮನ್ಸು ಬಂದಿತ್ತು.

ವರಾಂಡದ ಗೋಡೆಗೆ ಆತು ಉದ್ದಕ್ಕೆ ಬೆಂಚುಗಳಿದ್ದವು. ಕೂತವರ ತಲೆ ತಾಗಿ ತಾಗಿ ಸುಣ್ಣದ ಮೇಲೆ ಎಣ್ಣೆಯ ಕಲೆಗಳು ಒಂದೇ ಎತ್ತರದಲ್ಲಿ ಸಾಲಾಗಿ ಮೂಡಿದ್ದವು. ಅವಳು ತನ್ನ ತಲೆಯನ್ನು ಗೋಡೆಗೆ ತಾಗಿಸದೆ ಕೂತಳು. ಕೂತ ಮೇಲೇ ಕಂಡದ್ದು, ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಟೀಚರ್ ಇದ್ದರು. ಎದ್ದು ಬೇರೆ ಕಡೆ ಹೋದರೆ ತಪ್ಪಾಗುತ್ತದೆ, ಕೂತರೂ ತಪ್ಪಾಗುತ್ತದೆ. ಮಧ್ಯೆ ಕೂತಿದ್ದ ಯಾರೋ ಮುದುಕ, ಊರುಗೋಲನ್ನು ತೊಡೆಯ ಮಧ್ಯೆ ಸಿಕ್ಕಿಸಿಕೊಂಡು ನಿದ್ದೆ ಹೋಗಿದ್ದ. ಅವನು ಏಳದಿರಲಿ ಅಂತ ಅವಳು ಬೇಡಿಕೊಂಡಳು. ಟೀಚರ್ ಬಡವಾಗಿದ್ದರು. ಕುತ್ತಿಗೆಯ ಹತ್ತಿರ ಅಂಚು ಕಿತ್ತು ಬಂದಿದ್ದ ಅವರ ಸ್ವೆಟರನ್ನು ನೋಡಿದ ಕೂಡಲೇ, ಒಂದು ಸೂಜಿ ಇದ್ದಿದ್ದರೆ ಕ್ಷಣದಲ್ಲಿ ಹೊಲಿದುಕೊಡಬಹುದಿತ್ತು ಅಂತ ಅವಳ ಬೆರಳುಗಳು ತಾವಾಗಿಯೇ ಅಂದುಕೊಂಡವು. ಮಗಳನ್ನು ಶಾಲೆಗೆ ಸೇರಿಸಲು ಹೋದ ದಿನ ಅರ್ಜಿ ನೋಡಿ ಇದೇ ಟೀಚರ್ ಜೋರಾಗಿ ನಕ್ಕು, "ಅರೆ, ನನ್ನ ಹೆಸರಿನವಳು! ಬಾ ಕೂತ್ಕೋ," ಅಂದಿದ್ದರು. ಆಮೇಲೆ ರಸ್ತೆಯಲ್ಲಿ ಎಲ್ಲಿ ಸಿಕ್ಕರೂ ಹಾಗೇ ಕರೆಯುತ್ತಿದ್ದರು, "ಏನೇ ನನ್ನ ಹೆಸರಿನವಳೇ, ಚೆನ್ನಾಗಿದ್ದೀಯಾ?" ಆಗಲೂ ಅವಳಿಗೆ ಹೊಳೆದಿರಲಿಲ್ಲ, ತನ್ನದು ಟೀಚರ್ ಹೆಸರು, ಟೀಚರದು ಮಾತ್ರ ಅವರದೇ ಹೆಸರು ಅಂತ.

ಸಾಹುಕಾರರ ಕಡೆಯ ವಕೀಲ ಬಂದ. ಅವನ ಕಪ್ಪು ಕೋಟು ಅವಳಿಗೆ ಗುರುತಿತ್ತು, ಎಡ ತೋಳಿನ ಒಳಮಡಿಕೆಯಲ್ಲಿ ಎಷ್ಟು ಒರೆಸಿದರೂ ಹೋಗದ ಒಂದು ಕಲೆ. ಬಗ್ಗಿ, ಬಾಯಿಗೆ ಕೈ ಅಡ್ಡ ಇಟ್ಟು, "ಏನೂ ಹೆದರ್ಕೋಬೇಡಿ. ನಾನಾಗೇ ನಿಂತೆ, ಜನಸೇವೆ ಮಾಡೋ ಆಸೆ ಇತ್ತು, ನನ್ನ ಬಲ್ಲವರು ನನಗೆ ಹಾಕಿದ್ರು. ಇಷ್ಟೇ. ಮನೆ ಕಡೆ ಗಮನ ಇಟ್ಕೊಂಡು ಮಾತಾಡಿ ಅಂತ ಸಾಹುಕಾರ್ರು ಹೇಳಿದಾರೆ," ಅಂದ. ಮನೆ ಕಡೆ ಅಂದರೆ ಅವಳ ಕೆಲಸ, ಗಂಡನ ವ್ಯಾನು. ಅದನ್ನು ಬಿಡಿಸಿ ಹೇಳುವ ಅಗತ್ಯ ಅವನಿಗೂ ಇರಲಿಲ್ಲ, ಕೇಳುವ ಅಗತ್ಯ ಅವಳಿಗೂ ಇರಲಿಲ್ಲ. ಅವಳನ್ನು ಕಾಡಿದ್ದು ಬೇರೆ. ಈ ಮನುಷ್ಯ ಹೇಳಿಕೊಡುತ್ತಿರುವ ಸುಳ್ಳಿನ ಕೊನೆಯ ತುಂಡು ಮಾತ್ರ ಸುಳ್ಳಾಗದಿರಲಿ ಅಂತ ತಾನು ಎಷ್ಟು ದಿನದಿಂದ ಆಸೆಪಡುತ್ತಿದ್ದೇನೆ ಅನ್ನುವುದು. ನನ್ನ ಬಲ್ಲವರು ನನಗೆ ಹಾಕಿದರು. ಎಣಿಕೆಯ ದಿನ ಲಾಂಡ್ರಿಯಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು. "ಕುರುಡ್ರು ಇನ್ನೂರು ಜನ ಇದಾರೆ ನೋಡ್ರಪ್ಪಾ ನಮ್ಮ ವಾರ್ಡಲ್ಲಿ!" ಅಂದಿದ್ದ ಒಗೆಯುವ ಯಂತ್ರದವನು. ಅವಳೂ ನಕ್ಕಿದ್ದಳು. ನಗುತ್ತ ನಗುತ್ತಲೇ, ಇಸ್ತ್ರಿ ಮೇಜಿನ ಮೇಲಿನ ಅಂಗಿಯ ಬೆನ್ನು ಸೀದು ವಾಸನೆ ಬಂದಿತ್ತು.

ಯಾಕೆ, ಒಬ್ಬರಾದರೂ ಹಾಕಿರಬಾರದೇ? ಚುನಾವಣೆಗೆ ಮುಂಚೆ ಒಂದು ಸಂಜೆ ಬಸ್ ನಿಲ್ದಾಣದ ಹತ್ತಿರದ ಶೌಚಾಲಯದ ಮುಂದೆ ಹೆಂಗಸರೆಲ್ಲ ಸಾಲು ನಿಂತಿದ್ದರು. ಅಲ್ಲಿಯ ಬಾಗಿಲಿಗೆ ಚಿಲಕವಿಲ್ಲದೆ ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕಿತ್ತು. ಅವಳು ಹೂವಿನ ಗಿಡ ಮಾರುವ ಹೆಂಗಸಿಗಾಗಿ ಬಾಗಿಲು ಹಿಡಿದುಕೊಂಡು ನಿಂತಿದ್ದಳು. ಯಾರೋ, "ನೀನು ನಿಂತಿದ್ದೀಯಂತಲ್ಲೇ ಎಲೆಕ್ಷನ್ನಿಗೆ! ಗೆದ್ದು ಏನು ಕಿಸೀತೀಯಾ?" ಅಂತ ರೇಗಿಸಿದರು. "ಏನಿಲ್ಲ, ಈ ಬಾಗಿಲಿಗೊಂದು ಚಿಲಕ ಹಾಕಿಸ್ತೀನಿ," ಅಂದಿದ್ದಳು. ಸಾಲಿಗೆ ಸಾಲೇ ನಕ್ಕಿತು. ಒಳಗಿದ್ದ ಹೆಂಗಸು, "ನನ್ನ ಓಟು ನಿಂಗೇ ಕಣೇ ತಾಯಿ, ಬಾಗಿಲು ಮಾತ್ರ ಬಿಡಬೇಡ!" ಅಂತ ಒಳಗಿನಿಂದಲೇ ಕೂಗಿದಳು. ಅದು ತಮಾಷೆ. ತಮಾಷೆ ಅಂತ ಅವಳಿಗೆ ಗೊತ್ತಿರಲಿಲ್ಲವೇ? ಆದರೂ ಅವತ್ತಿನಿಂದ ಇಸ್ತ್ರಿ ಮಾಡುವಾಗ, ಅನ್ನಕ್ಕೆ ಇಟ್ಟು ಕಾಯುವಾಗ, ಮಗಳ ತಲೆ ಬಾಚುವಾಗ, ಚಿಲಕ ಎಂಥದ್ದಿರಬೇಕು, ಕಬ್ಬಿಣದ್ದಾದರೆ ತುಕ್ಕು ಹಿಡಿಯುತ್ತದೆ, ಒಳಗೆ ಬಟ್ಟೆ ಸಿಕ್ಕಿಸಲು ಒಂದು ಮೊಳೆಯೂ ಬೇಕು ಅಂತೆಲ್ಲ ಯೋಚನೆ ಬರುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಮತ ಹಾಕುವ ದಿನ ಮಾತ್ರ, ರಟ್ಟಿನ ಮರೆಯಲ್ಲಿ ನಿಂತು ಅಚ್ಚಾಗಿದ್ದ ತನ್ನ ಹೆಸರನ್ನು ನೋಡಿದಾಗ ನಾಚಿಕೆಯಿಂದ ಕಿವಿ ಬಿಸಿಯಾಗಿ, ಬೆರಳು ಮೇಲಕ್ಕೆ ಸರಿದು ಟೀಚರ್ ದೀಪದ ಗುಂಡಿಯನ್ನು ಒತ್ತಿತ್ತು. ಟೀಚರ್‌ಗೆ ಮಾಡುತ್ತಿರುವ ಮೋಸಕ್ಕೆ ಅಷ್ಟಾದರೂ ಪ್ರಾಯಶ್ಚಿತ್ತ. ಹೊರಗೆ ಬಂದ ಮೇಲೆ ಅನ್ನಿಸಿತು, ತಾನೇ ತನಗೆ ಹಾಕದಿದ್ದ ಮೇಲೆ ಇನ್ನು ಯಾರು ಹಾಕಿಯಾರು?

ಜವಾನ ಬಾಗಿಲಿಗೆ ಬಂದು ಹೆಸರು ಕೂಗಿದ. ಬೆಂಚಿನ ಎರಡೂ ತುದಿಯಿಂದ ಇಬ್ಬರೂ ಎದ್ದರು. ಮುದುಕನಿಗೆ ಎಚ್ಚರವಾಗಿ ಊರುಗೋಲು ಕೆಳಗೆ ಬಿತ್ತು. ಜವಾನ ಇವರನ್ನೂ ಅವರನ್ನೂ ನೋಡಿ, "ಸಾಕ್ಷಿಯವರು ಬನ್ರೀ, ಕೇಸಿನವರಲ್ಲ," ಅಂದ. ಟೀಚರ್ ಕೂತುಕೊಂಡರು. ವರಾಂಡದಲ್ಲಿ ಯಾರೋ ಕಿಸಕ್ಕೆಂದರು.

ಒಳಗೆ ಫ್ಯಾನು ತಿರುಗುತ್ತಿದ್ದರೂ ಗಾಳಿ ಅವಳ ತನಕ ಬರುತ್ತಿರಲಿಲ್ಲ. ಕಟಕಟೆಯ ಮರದ ಅಂಚು ಹಿಡಿದವರ ಕೈ ಬೆವರಿನಿಂದ ನುಣ್ಣಗಾಗಿ ಹೊಳೆಯುತ್ತಿತ್ತು. ಅದನ್ನು ಹಿಡಿಯಬಹುದೋ ಬಾರದೋ ತಿಳಿಯದೆ ಅವಳು ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಸತ್ಯವನ್ನೇ ಹೇಳುತ್ತೇನೆ ಅಂತ ಹೇಳಿಸಿದರು, ಹೇಳಿದಳು. ಅವಳು ಆಡಿದ ಮಾತನ್ನು ನ್ಯಾಯಾಧೀಶರು ಕೇಳಿಸಿಕೊಂಡು, ತಾವು ಅದನ್ನು ತೊಳೆದು ಒಣಗಿಸಿ ಮಡಿಸಿದ ಹಾಗೆ ಕೋರ್ಟಿನ ಕನ್ನಡದಲ್ಲಿ ಟೈಪು ಮಾಡುವ ಹುಡುಗಿಗೆ ಹೇಳುತ್ತಿದ್ದರು. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. "ಮನೇಲಿ ನಾನು, ಅವರು, ಮಗಳು," ಅಂದದ್ದು "ಸಾಕ್ಷಿಯು ಪತಿ ಹಾಗೂ ಪುತ್ರಿಯೊಂದಿಗೆ ವಾಸವಾಗಿರುತ್ತಾರೆ" ಅಂತಾಯಿತು. ಯಾರೋ ಒಳ್ಳೆಯ ಮನೆಯ ಹೆಂಗಸಿನ ಕತೆಯ ಹಾಗೆ.

ಟೀಚರ್ ಕಡೆಯ ವಕೀಲರು ವಯಸ್ಸಾದವರು, ಮಾತು ಮೆತ್ತಗೆ. "ನೋಡಮ್ಮಾ, ನೀವು ಚುನಾವಣೆಗೆ ನಿಂತದ್ದು ಯಾರ ಮಾತಿನ ಮೇಲೆ?"

ಮುಂದಿನ ಸಾಲಿನಲ್ಲಿ ಕಲೆಯ ಕೋಟಿನ ವಕೀಲ ಪೆನ್ನಿನ ಮುಚ್ಚಳ ತಿರುವುತ್ತಿದ್ದ. ಅವಳಿಗೆ ವ್ಯಾನಿನ ಬಾಗಿಲು ಸರಿಯಾಗಿ ಕೂರದೆ ಹೋದದ್ದು, ಮಗಳ ಶೂಗಳಲ್ಲಿ ಎಡದ್ದು ಬಾಯಿ ಬಿಟ್ಟಿರುವುದು, ಟೀಚರ್ ಸ್ವೆಟರಿನ ಅಂಚು, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಸುಳ್ಳನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಆದರೆ ಅದನ್ನು ಹುಡುಕಿ ತೆಗೆಯುವುದಕ್ಕೂ ಶಕ್ತಿ ಬೇಕಲ್ಲ. ನಿಜ ಕೈಗೆ ಹತ್ತಿರದಲ್ಲಿತ್ತು.

"ಸಾಹುಕಾರ್ರು ನಿಲ್ಲು ಅಂದ್ರು. ನಿಂತೆ."

"ಯಾಕೆ ನಿಲ್ಲು ಅಂದ್ರು?"

"ಟೀಚರ್ ಹೆಸರೂ ನಂದೂ ಒಂದೇ ಅಂತ."

ಪೆನ್ನಿನ ಮುಚ್ಚಳ ನಿಂತಿತು. ಕಲೆಯ ಕೋಟಿನವನ ಪಕ್ಕದಲ್ಲಿದ್ದ ಕಿರಿಯ ವಕೀಲ ಫೋನು ಹಿಡಿದು ಹೊರಗೆ ಹೋದದ್ದು ಅವಳಿಗೆ ಕಂಡಿತು. ಮುಗಿಯಿತು ಅಂದುಕೊಂಡಳು. ಹೆದರಿಕೆಗಿಂತ ಹೆಚ್ಚಾಗಿ ಎಲ್ಲಾದರೂ ಒರಗಿ ಕೂರಬೇಕು ಅನ್ನಿಸಿತು.

"ಪ್ರಚಾರ ಮಾಡಿದ್ರಾ? ಭಾಷಣ, ಮನೆ ಮನೆಗೆ ಹೋಗೋದು?"

"ಇಲ್ಲ."

"ಯಾರ ಹತ್ರಾನಾದ್ರೂ ನನಗೆ ಮತ ಹಾಕಿ ಅಂತ ಕೇಳಿದ್ರಾ?"

"ಇಲ್ಲ."

"ಹಾಗಾದ್ರೆ," ವಕೀಲರು ನ್ಯಾಯಾಧೀಶರ ಕಡೆ ಒಂದು ಹೆಜ್ಜೆ ಸರಿದರು, ಅವಳಿಗೆ ನೋವಾಗಬಾರದು ಅನ್ನುವ ಹಾಗೆ ದನಿ ಇನ್ನೂ ತಗ್ಗಿಸಿದರು, "ನೀವು ಯಾರು ಅಂತ ಯಾರಿಗೂ ಗೊತ್ತಿಲ್ಲ. ನಿಮಗೆ ಮತ ಹಾಕಬೇಕು ಅಂತ ಹಾಕಿದೋರು ಒಬ್ಬರೂ ಇಲ್ಲ. ಬಿದ್ದ ಅಷ್ಟೂ ಮತ ಟೀಚರ್‌ಗೆ ಅಂತ ತಿಳಿದು ತಪ್ಪಾಗಿ ಒತ್ತಿದ್ದು. ಹೌದಲ್ವಾ?"

ಹೌದು ಅಂದರೆ ಮುಗಿಯುತ್ತಿತ್ತು. ಟೀಚರ್‌ಗೆ ಬೇಕಾದದ್ದು ಅಷ್ಟೇ. ನ್ಯಾಯವೂ ಬಹುಶಃ ಅಷ್ಟೇ. ತನ್ನ ಕೆಲಸ ಹೋಯಿತು, ಗಂಡನದ್ದೂ ಹೋದೀತು, ಇಷ್ಟು ಕೊಟ್ಟ ಮೇಲೆ ಈ ಒಂದು ಹೌದು ಯಾವ ಲೆಕ್ಕ? ಅವಳು ಬಾಯಿ ತೆರೆದಳು. ಟೈಪು ಮಾಡುವ ಹುಡುಗಿ ಬೆರಳುಗಳನ್ನು ಎತ್ತಿಕೊಂಡು ಕಾದಿದ್ದಳು. ಯಾರೂ ಇಲ್ಲ, ಒಬ್ಬರೂ ಇಲ್ಲ ಅನ್ನುವುದನ್ನು ಈ ಹುಡುಗಿ ಈಗ ಹೊಡೆಯುತ್ತಾಳೆ, ಅದು ಎಲ್ಲೋ ಕಪಾಟಿನಲ್ಲಿ ತಾನು ಸತ್ತ ಮೇಲೂ ಇರುತ್ತದೆ.

"ಹಾಕಿರಬಾರದಾ ಸ್ವಾಮಿ?" ಅಂದಳು.

"ಏನಂದ್ರಿ?"

"ಒಬ್ಬರಾದ್ರೂ... ಬೇಕು ಅಂತಲೇ ಹಾಕಿರಬಾರದಾ?"

ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಕಲೆಯ ಕೋಟಿನವನ ಮುಖ ಮೊದಲ ಸಲ ಅರಳಿತು. ನ್ಯಾಯಾಧೀಶರು ನಗಲಿಲ್ಲ. ಕನ್ನಡಕ ತೆಗೆದು ಅವಳನ್ನು ಸ್ವಲ್ಪ ಹೊತ್ತು ನೋಡಿದರು, ಉತ್ತರ ಹೇಳಿಬಿಡುತ್ತಾರೇನೋ ಅನ್ನುವ ಹಾಗೆ. ಆಮೇಲೆ ಕನ್ನಡಕ ಹಾಕಿಕೊಂಡು, "ಈ ಬಗ್ಗೆ ತಮಗೆ ಗೊತ್ತಿಲ್ಲ ಎಂದು ಸಾಕ್ಷಿ ಹೇಳುತ್ತಾರೆ," ಅಂದರು. ಹುಡುಗಿಯ ಬೆರಳುಗಳು ಇಳಿದವು. ಸಾಹುಕಾರರ ಕಡೆಯವನು ಎದ್ದು, ಜನಸೇವೆ ಮಾಡುವ ಆಸೆ ನಿಮಗಿತ್ತಲ್ಲವೇ ಅಂದ. ಚಿಲಕ ನೆನಪಾಗಿ, "ಇತ್ತು," ಅಂದಳು. ನೀವು ನಿಮಗೇ ತಾನೇ ಮತ ಹಾಕಿಕೊಂಡದ್ದು ಅಂದ. ಅದನ್ನು ಕೇಳುವ ಹಾಗಿಲ್ಲ ಅಂತ ನ್ಯಾಯಾಧೀಶರು ತಡೆದರು. ತಾನು ಯಾರಿಗೆ ಹಾಕಿದೆ ಅನ್ನುವುದನ್ನು ಕಾಪಾಡಲು ಇಷ್ಟು ದೊಡ್ಡ ಕಾನೂನು ಇದೆ ಅಂತ ಅವಳಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ಹೊರಗೆ ಟೀಚರ್ ನಿಂತಿದ್ದರು. ಹತ್ತಿರ ಬಂದು ಅವಳ ಮೊಣಕೈ ಹಿಡಿದರು. ಬೈಯಲಿ ಅಂತ ಅವಳು ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ನಂಗೆ ಮೊದಲೇ ಗೊತ್ತಿತ್ತು ಕಣೇ, ನೀನಾಗಿ ನೀನು ನಿಲ್ಲೋಳಲ್ಲ ಅಂತ. ನಿನಗೇನು ತಿಳಿಯತ್ತೆ ಪಾಪ," ಅಂದರು. ಪ್ರೀತಿಯಿಂದಲೇ ಅಂದರು. ನಂತರ, ಕೇಳಬಾರದೆಂದುಕೊಂಡೂ ತಡೆಯಲಾಗದೆ, "ಕೊನೇಲಿ ಅದೊಂದು ಮಾತು ಯಾಕೆ ಆಡಿದೆ? ಹೌದು ಅಂದಿದ್ರೆ ಆಗ್ತಿತ್ತಲ್ಲ," ಅಂದರು.

"ಗೊತ್ತಾಗ್ಲಿಲ್ಲ ಟೀಚರ್," ಅಂದಳು. ಟೀಚರ್ ಸುಸ್ತಾದವರ ಹಾಗೆ ತಲೆಯಾಡಿಸಿ ತಮ್ಮ ವಕೀಲರ ಹಿಂದೆ ಹೋದರು. ಸ್ವೆಟರಿನ ಎಳೆ ಬೆನ್ನ ಮೇಲೆ ಜೋತಾಡುತ್ತಿತ್ತು.

ಬಿಸಿಲಿಗೆ ಬಂದ ಮೇಲೆ, ಲಾಂಡ್ರಿಗೆ ಹೋಗಬೇಕೋ ಬೇಡವೋ ಅನ್ನುವುದು ತಲೆಗೆ ಬಂತು. ಮೇಜಿನ ಮೇಲೆ ಅರ್ಧ ಮಾಡಿಟ್ಟ ಬಟ್ಟೆಯ ಗಂಟಿತ್ತು. ಯಾರೋ ಮುಗಿಸಿರುತ್ತಾರೆ, ಮಡಿಕೆ ತಪ್ಪಾಗಿ ಬಿದ್ದಿರುತ್ತದೆ. ರಸ್ತೆ ದಾಟಿ ಬಸ್ ನಿಲ್ದಾಣಕ್ಕೆ ಬಂದಾಗ ಕಲ್ಲು ಬೆಂಚಿನ ಮೇಲೆ ಗಂಡ ಕೂತಿದ್ದ. ಅವನನ್ನು ವ್ಯಾನಿಲ್ಲದೆ ಹಗಲು ಹೊತ್ತಿನಲ್ಲಿ ಹೀಗೆ ನೋಡಿ ಎಷ್ಟೋ ಕಾಲವಾಗಿತ್ತು. ಸಣ್ಣಗೆ ಕಂಡ. ತೊಡೆಯ ಮೇಲೆ ಊಟದ ಡಬ್ಬಿಯ ಚೀಲ, ಅದರ ಮೇಲೆ ವ್ಯಾನಿನ ಸೀಟಿಗೆ ಹಾಕಿಕೊಳ್ಳುತ್ತಿದ್ದ ಹಳೆಯ ದಿಂಬು.

"ವ್ಯಾನು?"

"ಬೀಗದ ಕೈ ಕೊಟ್ಟುಬಿಟ್ಟೆ. ಫೋನ್ ಬಂತು, ಇದ್ದಲ್ಲೇ ನಿಲ್ಲಿಸು ಅಂದ್ರು. ಲಾಂಡ್ರಿ ಹುಡುಗ ಬಂದು ಇಸ್ಕೊಂಡು ಹೋದ." ಸ್ವಲ್ಪ ಸರಿದು ಜಾಗ ಕೊಟ್ಟ. "ನೀನೂ ನಾಳೆಯಿಂದ ಬರೋದು ಬೇಡ್ವಂತೆ."

ಅವಳು ಕೂತಳು. ಡಬ್ಬಿ ಮುಟ್ಟಿ ನೋಡಿದಳು, ತುಂಬಿಯೇ ಇತ್ತು. "ಉಣ್ಲಿಲ್ವಾ?"

"ನೀನು ಬರ್ತೀಯಲ್ಲ ಅಂತ."

ಇಬ್ಬರೂ ಒಂದೇ ಡಬ್ಬಿಯಿಂದ ತಿಂದರು. ಅನ್ನ ಗಟ್ಟಿಯಾಗಿತ್ತು. ಏನಾಯಿತು ಅಂತ ಅವನು ಕೇಳಲಿಲ್ಲ. ಅವಳೇ ಹೇಳಿದಳು, ಒಂದೊಂದಾಗಿ, ಬಟ್ಟೆ ಎಣಿಸಿ ಕೊಡುವ ಹಾಗೆ. ಕೊನೆಯ ಮಾತಿಗೆ ಬಂದಾಗ ಮಾತ್ರ ಎಣಿಕೆ ತಪ್ಪಿತು. "ಒಬ್ಬರಾದ್ರೂ ಬೇಕು ಅಂತಲೇ ಹಾಕಿರಬಾರದಾ ಅಂದೆ. ಎಲ್ಲ ನಕ್ಕರು. ಯಾಕೆ ಅಂದೆನೋ. ಟೀಚರ್‌ಗೂ ಆಗ್ಲಿಲ್ಲ, ಮನೆಗೂ ಆಗ್ಲಿಲ್ಲ."

ಅವನು ನೀರು ಕುಡಿದ. ಬಾಟಲಿಯ ಮುಚ್ಚಳ ಬಿಗಿ ಮಾಡಿ, ಸಡಿಲ ಮಾಡಿ, ಮತ್ತೆ ಬಿಗಿ ಮಾಡಿದ.

"ನಾನು ಹಾಕಿದ್ದೆ."

ಅವಳು ನೋಡಿದಳು. ಸುಮ್ಮನೆ ಸಮಾಧಾನಕ್ಕೆ ಹೇಳುತ್ತಿದ್ದಾನೆ ಅಂದುಕೊಂಡಳು. "ಸಾಕು ಬಿಡಿ ರೀ."

"ಅಲ್ವೇ, ಕೇಳಿಲ್ಲಿ. ಸಾಹುಕಾರ್ರು ಅವರ ತಮ್ಮನ ಹೆಂಡ್ತಿಗೆ ಒತ್ತು ಅಂದಿದ್ರು. ಹ್ಞೂ ಅಂದಿದ್ದೆ. ಒಳಗೆ ಹೋದ್ಮೇಲೆ ಮನಸ್ಸು ಬರ್ಲಿಲ್ಲ. ಕನ್ನಡಕ ವ್ಯಾನಲ್ಲೇ ಬಿಟ್ಟಿದ್ದೆ. ಕಣ್ಣು ಕಿರಿದು ಮಾಡ್ಕೊಂಡು ನೋಡಿದ್ರೆ ನಿನ್ನ ಹೆಸರು ಕಾಣಿಸ್ತು. ಕಂಡ ಕೂಡ್ಲೇ ಬೆರಳು ಹೋಗಿಬಿಡ್ತು. ಕೆಂಪು ದೀಪ ಹತ್ಕೊಂಡ್ಮೇಲೆ ಗೊತ್ತಾಗಿದ್ದು, ಅದರ ಕೆಳಗೆ ಇನ್ನೊಂದು ಅದೇ ಹೆಸರಿದೆ, ಟಾರ್ಚು ಅಲ್ಲಿದೆ ಅಂತ."

"ಅಂದ್ರೆ ನೀವು ಟೀಚರ್‌ಗೆ ಹಾಕಿದ್ರಿ."

"ನಾನು ಹಾಕಿದ್ದು ನಿನಗೇ. ಅದು ಹೋಗಿ ಬಿದ್ದದ್ದು ಅಲ್ಲಿ."

ಎದುರಿಗಿದ್ದ ಕೋರ್ಟಿನ ಕಟ್ಟಡದೊಳಗೆ ಇನ್ನೂ ಎಷ್ಟು ದಿನ, ಎಷ್ಟು ವರ್ಷ, ಅವಳ ಇನ್ನೂರ ಚಿಲ್ಲರೆ ಮತಗಳಲ್ಲಿ ಟೀಚರದು ಎಷ್ಟು ಅಂತ ವಾದ ನಡೆಯುತ್ತದೆ. ಟೀಚರ್ ಮತಗಳಲ್ಲಿ ಒಂದು ಅವಳದು ಅಂತ ವಾದಿಸಲು ಯಾವ ವಕೀಲನೂ ಇಲ್ಲ. ನಗು ಬರಬೇಕಿತ್ತು. ಅವಳು ಖಾಲಿ ಡಬ್ಬಿಗೆ ಮುಚ್ಚಳ ಹಾಕಿದಳು. "ಯಾಕೆ ಇಷ್ಟು ದಿನ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಸ್ವಂತ ಹೆಂಡ್ತಿ ಯಾವುದು ಅಂತ ಗುರುತು ಹಿಡೀದವನು ಅಂತಲಾ?" ಅವನು ಬೆರಳುಗಳನ್ನು ನೋಡಿಕೊಂಡ. "ಆಮೇಲೆ ಟಾರ್ಚನ್ನೂ ಒತ್ತಿದೆ. ಅದು ಏನೂ ಅನ್ಲಿಲ್ಲ. ಮತ್ತೆ ಒತ್ತಿದೆ. ಹೊರಗಿಂದ ಆಫೀಸರ್, ಏನ್ರೀ, ಎಷ್ಟು ಹೊತ್ರೀ, ಒಳಗೆ ನಿದ್ದೆ ಮಾಡ್ತಿದ್ದೀರಾ ಅಂತ ಗದರಿದ. ಆದ್ರೂ ಒತ್ತುತ್ತಾನೇ ಇದ್ದೆ."

ಬಸ್ಸು ಬಂದು ನಿಂತಿತು. ಹತ್ತುವವರು ಹತ್ತಿದರು. ಕಂಡಕ್ಟರು ಇವರ ಕಡೆ ನೋಡಿ, ಬರುತ್ತೀರಾ ಅನ್ನುವಂತೆ ಗದ್ದ ಎತ್ತಿದ. ಇಬ್ಬರೂ ಏಳಲಿಲ್ಲ. ರಟ್ಟಿನ ಮರೆಯಲ್ಲಿ, ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿಕೊಂಡು, ಸತ್ತ ಗುಂಡಿಯೊಂದನ್ನು ಒಂದೇ ಸಮ ಒತ್ತುತ್ತ ನಿಂತ ಈ ಮನುಷ್ಯನನ್ನು ಅವಳು ಇನ್ನೂ ನೋಡಿ ಮುಗಿಸಿರಲಿಲ್ಲ.